ಹೊಲವಿಲ್ಲದವರ ಎಳ್ಳಮಾವಾಸ್ಯೆ

ಫ್ರಿಜ್ಜಿನಲ್ಲಿ ಮರೆತುಹೋದ ಜೋಳದ ಅಂಬಲಿ ಹುಳಿಯೇರಿದರೆ ಮನೆಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮಾತ್ರ ಮುಚ್ಚಳ ತೆಗೆದವಳು ಹಾಗೆಯೇ ನಿಂತುಬಿಡುತ್ತೇನೆ. ನಿಮಗೂ ಇಂಥದೊಂದು ವಾಸನೆ ಇದ್ದೀತು, ಬೇರೆಯವರಿಗೆ ಹೇಳಿದರೆ ನಗುವಂಥದು. ನನಗೆ ಇದು ಮೂಗಿಗೆ ಬಡಿದರೆ ಸಾಕು, ನಾಸಿಕದ ಪಂಚವಟಿಯ ಹಳೆಯ ವಾಡೆ, ಅದರ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದ ಎರಡು ಕೋಣೆ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಜ್ಜೆ ಕಡುಬು ಮಾಡುತ್ತಿದ್ದ ಗಂಗತ್ತಿ, ಎಲ್ಲ ಒಮ್ಮೆಲೇ ಎದ್ದು ಬರುತ್ತವೆ.

ಗಂಗತ್ತಿ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಗುಲಬರ್ಗಾ ಕಡೆಯ ಹಳ್ಳಿಯಿಂದ ಕರೆತಂದಿದ್ದರು. ಅರವತ್ತರ ದಶಕದ ಆ ದಿನಗಳಲ್ಲಿ ವಾಡೆಯ ತುಂಬ ಮರಾಠಿ. ನಾನು ಅದರಲ್ಲೇ ಆಡಿ ಬೆಳೆದವಳು, ಗಂಗತ್ತಿಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಅವಳ ಊರಲ್ಲಿ ಚಳಿಗಾಲದ ಎಳ್ಳಮಾವಾಸ್ಯೆಗೆ ಭೂಮಿ ಬಸುರಿ. ಬಯಕೆಯ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿನ ನಡುವೆ ಚರಗ ಚೆಲ್ಲಬೇಕು. ಒಬ್ಬರು ಅನ್ನ ಎರಚುತ್ತ ‘ಹುಲಿಗ್ಯೋ’ ಎಂದು ಕೂಗಿದರೆ, ಹಿಂದೆ ಬರುವವರು ನೀರು ಚಿಮುಕಿಸುತ್ತ ‘ಸಲಾಂಪಲಿಗ್ಯೋ’ ಎನ್ನಬೇಕು. ಓಗೊಡುವವರು ಇಲ್ಲದಿದ್ದರೆ ಚರಗ ನಡೆಯುವುದಿಲ್ಲ.

“ಹೊಲಾ ಇಲ್ದವರಿಗಿ ಎಳ್ಳಮಾಸಿ ಯಾಕ ಅಕ್ಕಾ?” ಎಂದು, ಅವಳು ಬಂದ ವರ್ಷ ಹಬ್ಬದ ಹಿಂದಿನ ದಿನ, ಅಪ್ಪ ನಕ್ಕರು.

“ನನ್ನ ಹೊಲಾ ಹೋಯ್ತಂತ ಭೂಮ್ತಾಯಿ ಬಸರಾಗೋದು ಬಿಡ್ತಾಳೇನೋ?” ಎಂದಳು ಅತ್ತಿ. ಅಪ್ಪ ಪೇಪರಿನ ಹಿಂದೆ ಅಡಗಿದರು.

ಮರುದಿನ ನನ್ನನ್ನು ಕರೆದುಕೊಂಡು ಚಾಂದವಡ್ ಕಡೆಯ ಬಸ್ಸು ಹತ್ತಿದಳು. ದಾರಿಯಲ್ಲಿ ಕಪ್ಪು ಮಣ್ಣು ಕಂಡದ್ದೇ ಇಳಿಸಿದಳು. ಯಾರದೋ ಈರುಳ್ಳಿ ಹೊಲ. ಬದುವಿನಲ್ಲಿ ಕಲ್ಲು ಜೋಡಿಸಿ ಅರಿಶಿನ ಹಚ್ಚಿದಳು, ಸೆರಗು ಕಟ್ಟಿ, ಅನ್ನ ಕಡುಬು ಎರಚುತ್ತ ಕೂಗಿದಳು. ಎಂಥ ದನಿ ಅದು! ವಾಡೆಯಲ್ಲಿ ಪಿಸುಗುಟ್ಟಿಕೊಂಡೇ ಇರುತ್ತಿದ್ದ ಗಂಗತ್ತಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನಾನು ನಾಚಿಕೊಂಡು, ತಡವರಿಸಿ, ಓಗೊಟ್ಟೆ. ಅಷ್ಟರಲ್ಲಿ ಹೊಲದ ಒಡತಿ ಕುಡುಗೋಲು ಹಿಡಿದು ಓಡಿ ಬಂದಳು. ಅರಿಶಿನ ಹಚ್ಚಿದ ಕಲ್ಲು, ಚೆಲ್ಲಿದ ಅನ್ನ, ಕೂಗುತ್ತಿರುವ ಬಿಳಿ ಸೀರೆಯ ವಿಧವೆ. ಅವಳಾದರೂ ಏನೆಂದುಕೊಳ್ಳಬೇಕು?

“ಆಮಚ್ಯಾ ವಾವರಾತ ಭಾನಾಮತಿ ಕರತೇಸ್ ಕಾ ಗ?”

ನಮ್ಮ ಹೊಲದಲ್ಲಿ ಭಾನಾಮತಿ ಮಾಡುತ್ತೀಯೇನೇ ಎಂದು ಅಬ್ಬರಿಸಿದಳು. ಗಂಗತ್ತಿಗೆ ಮರಾಠಿ ಬರದಿದ್ದರೂ ಭಾನಾಮತಿ ಎಂಬ ಮಾತು ಅವಳ ಊರಿನದೂ ಹೌದು. ಮಾಟದವಳೆಂದು ಬೈಸಿಕೊಂಡದ್ದು ನೆಟ್ಟಗೆ ಎದೆಗೆ ತಾಗಿತು. ನಾನು ಅಳುತ್ತ ಏನೇನೋ ವಿವರಿಸಿದೆ. ಆ ಹೆಂಗಸು ಕೇಳಲಿಲ್ಲ, ಒಂದು ಅಗುಳೂ ಬಿಡದೆ ಆರಿಸಿಕೊಂಡು ಹೋಗಬೇಕೆಂದಳು. ಅತ್ತಿ ಬಗ್ಗಿ, ಈರುಳ್ಳಿ ಗಿಡಗಳ ಸಂದಿಯಿಂದ ಕಡುಬಿನ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು. ಬಸ್ಸಿನಲ್ಲಿ ಕೂತ ಮೇಲೆ, “ಉಣ್ಣಾಕ ಕುಂತ ಬಸರಿ ಮುಂದಿನ ತಾಟು ಕಸ್ಕೊಂಡ್ಹಂಗಾಯ್ತಲ್ಲ” ಎಂದಳು.

ಆಮೇಲೆ ಅವಳು ಮತ್ತೆಂದೂ ಕೂಗಲಿಲ್ಲ. ವಾಡೆಯ ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದಿಷ್ಟು ಬರಿನೆಲವಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅಲ್ಲಿ ಕೂತು, ಅಂಗೈಯನ್ನು ಮಣ್ಣಿಗೆ ಒತ್ತಿ ಸುಮ್ಮನಿರುತ್ತಿದ್ದಳು. ಮಂತ್ರವಿಲ್ಲ, ಅರಿಶಿನವಿಲ್ಲ. “ಊರಾಗ ಎಲ್ಲಾರ ಜೋಡಿ ಒದರಿದೆ. ಭೂಮ್ತಾಯಿ ಏನಂತಾಳ ಅಂತ ಒಮ್ಮ್ಯಾರ ಕೇಳಿದ್ದಿಲ್ಲ” ಎನ್ನುತ್ತಿದ್ದಳು. ನನ್ನ ಕೈಯನ್ನೂ ಇಡಿಸಿ, “ಏನ್ ಅನಸ್ತದ?” ಎಂದು ಕೇಳುವಳು. ಒಮ್ಮೆ ನಾನು ಜಾಣಳಾಗಲು ಹೋಗಿ, ದೇವರ ಉಸಿರು ಕೇಳುತ್ತದೆ ಎಂದೆ. ತಲೆಗೆ ಮೊಟಕಿದಳು. “ಇಲ್ದಿದ್ದು ಹೇಳಬ್ಯಾಡ.” ಆಗ ನಿಜ ಹೇಳಿದೆ: ಮಣ್ಣು ಮೇಲೆ ಬಿಸಿ, ಒಳಗೆ ತಂಪು, ಒಂದು ಇರುವೆ ಬೆರಳು ಹತ್ತುತ್ತಿದೆ. ಅವಳಿಗೆ ಅಷ್ಟೇ ಬೇಕಾಗಿತ್ತು. ಅಮಾವಾಸ್ಯೆಗೆ ಅಲ್ಲೇ ಒಂದು ಬಟ್ಟಲು ಅಂಬಲಿ ಸುರಿದು, ಅದು ಇಂಗುವವರೆಗೂ ನೋಡುತ್ತ ಕೂರುತ್ತಿದ್ದಳು.

ನಾನು ಹೈಸ್ಕೂಲಿಗೆ ಬಂದ ವರ್ಷ ಮಾಲಕರು ಕೆಸರಿನ ಕಾಟವೆಂದು ಅಂಗಳಕ್ಕೆಲ್ಲ ಫರಸಿಕಲ್ಲು ಹಾಸಿಸಿದರು. ಎಲ್ಲಿಯ ಕಲ್ಲೆಂದು ಅತ್ತಿ ನನ್ನಿಂದ ಕಲ್ಲು ಹಾಸುವ ಗವಂಡಿಯನ್ನು ಕೇಳಿಸಿದಳು. ಶಹಾಬಾದದ್ದು ಎಂದ. ಅವಳ ತವರಿನ ಪಕ್ಕದ ಊರು! ಅತ್ತಿಯ ಮುಖ ಅರಳಿತು. ಆ ಅಮಾವಾಸ್ಯೆಗೆ ಅದರ ಮೇಲೇ ಅಂಬಲಿ ಸುರಿದಳು. ಅದು ಇಂಗಲಿಲ್ಲ. ನುಣ್ಣಗೆ ಹರಿದು ಮೋರಿ ಸೇರಿತು. ಅತ್ತಿ ಕಲ್ಲಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತಳು. “ನಮ್ಮೂರಿಂದಾನ ಬಂದದ,” ಎಂದಳು ಕೊನೆಗೆ, “ನನ್ನ ಗುರ್ತಽ ಇಲ್ಲ ಇದಕ್ಕ.” ಅಷ್ಟು ಒಂಟಿಯಾದ ಮನುಷ್ಯರನ್ನು ನಾನು ಆಮೇಲೆ ಕಂಡಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಊರಿನಿಂದ ಯಾರೂ ಬರಲಾಗಲಿಲ್ಲ. ಊರಾಚೆ ಗುಣಿ ತೋಡಿ ಕೂರಿಸಿದರು, ಹಿಡಿಹಿಡಿಯಾಗಿ ಮಣ್ಣು ಹಾಕಿದೆವು. ನನಗೆ ಅಳುವಿನ ನಡುವೆಯೂ ಒಂದು ಸಮಾಧಾನ, ಈ ಸೀಮೆಯ ನೆಲ ಇವಳನ್ನು ತಿರುಗಿ ಕಳಿಸಲಿಲ್ಲವಲ್ಲ ಎಂದು. ಮುಂದೆ ಅಪ್ಪನಿಗೆ ಔರಂಗಾಬಾದಿಗೆ ವರ್ಗವಾಯಿತು, ನಾನು ಮದುವೆಯಾಗಿ ಈ ಔರಂಗಾಬಾದಿನಲ್ಲೇ ಉಳಿದೆ. ಒಮ್ಮೆ ಹುಡುಕಿಕೊಂಡು ಹೋದರೆ ಅಲ್ಲೆಲ್ಲ ಮನೆಗಳೆದ್ದಿದ್ದವು. ಅವಳು ಯಾವ ನೆಲದಡಿ ಇದ್ದಾಳೆಂದು ತೋರಿಸಬಲ್ಲವರು ಈಗ ಯಾರೂ ಇಲ್ಲ. ಹಾಗಾಗಿ ನಾಸಿಕಕ್ಕೆ ಹೋದಾಗಲೆಲ್ಲ, ಮಗ ಎಷ್ಟೇ ರೇಗಿದರೂ, ಬಸ್ಸಿನಿಂದ ಇಳಿಯುವ ಮೊದಲು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.