ಎರಡನೆಯ ಭಾನುವಾರ ಪ್ರಮೀಳಾ ಎಲ್ಲಿರುತ್ತಿದ್ದರು

2022ರ ಮಳೆಗಾಲದ ಹೊತ್ತಿಗೆ ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಇಪ್ಪತ್ತಾರು ವರ್ಷ ಮುಗಿಸಿದ್ದೆ. ಈ ಹೆಸರು ಕೇಳಿದವರು ಮೊದಲು ಮಾತ್ರೆ ಬರೆದುಕೊಡಿ ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಮಾತ್ರೆ ಇಲ್ಲ. ಮಾತಾಡಿಸುವುದು, ಪರೀಕ್ಷೆ ಮಾಡುವುದು, ತೊಂದರೆಗೆ ಹೆಸರು ಕಂಡುಹಿಡಿಯುವುದು, ಆಮೇಲೆ ಆ ಹೆಸರಿನೊಡನೆ ಬದುಕುವ ದಾರಿ ಹುಡುಕುವುದು, ಇಷ್ಟೇ. ಒಂದು ಸೇವಾ ಸಂಸ್ಥೆಯ ಪರವಾಗಿ ಸೋಮವಾರ ಶಿಗ್ಗಾವಿ, ಬುಧವಾರ ಸವಣೂರು, ಶುಕ್ರವಾರ ಹಿರೇಕೆರೂರು, ಉಳಿದ ದಿನ ಹಾನಗಲ್ ಎಂದು ನಾಲ್ಕು ತಾಲ್ಲೂಕುಗಳನ್ನು ಬಸ್ಸಿನಲ್ಲಿ ಸುತ್ತುತ್ತಿದ್ದೆ. ನೂರಾರು ಪ್ರಕರಣಗಳ ಕಡತ ಮುಚ್ಚಿದ್ದೇನೆ. ಒಂದನ್ನು ಮಾತ್ರ ಮನಸ್ಸಿನಲ್ಲಿ ಮುಚ್ಚಲಾಗಿಲ್ಲ. ಅದನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಪ್ರಮೀಳಾ ಅವರನ್ನು ಮೊದಲು ಕಂಡದ್ದು ಸವಣೂರಿನಲ್ಲಿ, ಆ ವರ್ಷದ ಜುಲೈನಲ್ಲಿ. ಅವರು ತಮಗಾಗಿ ಬಂದಿರಲಿಲ್ಲ. ಅಣ್ಣನ ಹೆಂಡತಿ ಸುಧಾ ತಮ್ಮ ಒಂಬತ್ತು ವರ್ಷದ ಮಗಳಿಗೆ ಓದು ಹತ್ತುತ್ತಿಲ್ಲವೆಂದು ಕರೆತಂದಿದ್ದರು. ಪ್ರಮೀಳಾ ಆ ಮಗುವಿನ ಚೀಲ ಹಿಡಿದು ಜೊತೆಗೆ ಬಂದವರು. ಮೂವತ್ತೇಳು ವರ್ಷ, ಮದುವೆಯಾಗಿಲ್ಲ, ಊರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಟೆಕ್ನಿಷಿಯನ್. ಅಜ್ಜ ವ್ಯಾಕರಣದ ಪಾಠ ಹೇಳುತ್ತಿದ್ದ ವೈಷ್ಣವ ಪಂಡಿತರು, ಅಣ್ಣ ವಕೀಲರು. ಮಾತೇ ಆಸ್ತಿಯಾದ ಮನೆಯಲ್ಲಿ ಈಕೆ ಮಾತು ಬಾರದವರೆಂದು, ಸೊಕ್ಕಿನವರೆಂದು ಹೆಸರಾಗಿದ್ದರು.

ಮಗುವಿನ ಬಗ್ಗೆ ನಾನು ಕೇಳಬೇಕಾದ ಪ್ರಶ್ನೆಗಳನ್ನು ಕೇಳುತ್ತಿದ್ದೆ. ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಾಳೆಯೇ? ಅಂಗಿಯ ಹಿಂದಿನ ಚೀಟಿ ಚುಚ್ಚುತ್ತದೆಂದು ಅಳುತ್ತಾಳೆಯೇ? ಎದುರಿನವರ ಮಾತು ತಮಾಷೆಯೋ ನಿಜವೋ ತಿಳಿಯದೆ ಗೊಂದಲವಾಗುತ್ತದೆಯೇ? ಸುಧಾ ಒಂದೊಂದಕ್ಕೂ ಇಲ್ಲ, ಇಲ್ಲ ಎನ್ನುತ್ತಿದ್ದರು. ಪ್ರಮೀಳಾ ತಲೆಯೆತ್ತದೆ ಹೇಳಿದರು: "ಆಕಿಗಲ್ಲರೀ, ಅವೆಲ್ಲಾ ನನಗ ಅದಾವ."

ಮೂರು ಬುಧವಾರ ಅವರೊಡನೆ ಕೂತೆ. ಅನುಮಾನವೇ ಉಳಿಯಲಿಲ್ಲ. ಆಟಿಸಂ ಎನ್ನುವುದು ಕಾಯಿಲೆಯಲ್ಲ. ಮಿದುಳು ಹುಟ್ಟಿನಿಂದಲೇ ಬೇರೆ ಬಗೆಯಲ್ಲಿ ಹೆಣೆದುಕೊಂಡಿರುತ್ತದೆ. ಸದ್ದು, ಬೆಳಕು, ಸ್ಪರ್ಶ ಉಳಿದವರಿಗಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ತಟ್ಟುತ್ತವೆ. ಜನರ ನಡುವಿನ ಹೇಳದ ನಿಯಮಗಳು ತಾವಾಗಿ ಅರ್ಥವಾಗುವುದಿಲ್ಲ. ಕೆಲವರು ಆ ನಿಯಮಗಳನ್ನು ಪಾಠದಂತೆ ಕಂಠಪಾಠ ಮಾಡಿ, ಇಲ್ಲದ ಸಲೀಸನ್ನು ನಟಿಸುತ್ತಾರೆ. ಇದನ್ನು ನಾವು ಮಾಸ್ಕಿಂಗ್, ಮುಖವಾಡ ಹಾಕಿಕೊಳ್ಳುವುದು, ಎನ್ನುತ್ತೇವೆ. ಪ್ರಮೀಳಾ ಅದನ್ನು ಮೂವತ್ತು ವರ್ಷ ಮಾಡಿದ್ದರು. ಅವರ ಪರ್ಸಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇತ್ತು. ಸಾವಿನ ಮನೆಯಲ್ಲಿ ಏನು ಹೇಳಬೇಕು, ಹೊಸ ಸೀರೆ ಉಟ್ಟವರಿಗೆ ಏನು ಹೇಳಬೇಕು ಎಂದು ಬರೆದಿಟ್ಟುಕೊಂಡಿದ್ದರು.

ಫಲಿತಾಂಶ ಹೇಳಿದ ದಿನ ಅವರು "ಹಂಗಾದ್ರ ನಾ ಸೊಕ್ಕಿನಾಕಿ ಅಲ್ಲ ಅಂದಂಗಾತು" ಎಂದರು. ಆಮೇಲೆ ಕೇಳಿದರು: "ನನ್ನಂಥವರು ಇನ್ನ ಯಾರರೆ ಅದಾರೇನ್ರಿ?"

"ಅದಾರ್ರಿ. ಹಾನಗಲ್ಲಿಗೆ ಬರ್ರಿ. ಅಲ್ಲಿ ನಿಮ್ಮವರು ಸಿಗ್ತಾರ" ಎಂದೆ.

ಆ ಮಾತನ್ನು ಅಷ್ಟು ಸುಲಭವಾಗಿ ಆಡಬಾರದಿತ್ತು.

ಹಾನಗಲ್ಲಿನಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಒಂದು ಟ್ಯೂಶನ್ ಕೋಣೆಯಲ್ಲಿ ಆಟಿಸಂ ಇರುವ ಆರು ಮಂದಿ ವಯಸ್ಕರ ಗುಂಪನ್ನು ಸೇರಿಸುತ್ತಿದ್ದೆ. ಹನ್ನೊಂದರಿಂದ ಒಂದೂವರೆಯವರೆಗೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕಿಲ್ಲ, ಮನಸ್ಸಿಗೆ ಬಂದದ್ದನ್ನು ನೇರವಾಗಿ ಹೇಳಬಹುದು, ಕೈ ಅಲ್ಲಾಡಿಸಬಹುದು, ಓಡಾಡಬಹುದು. ಹೊರಗೆ ಜನ ಬೇಡವೆಂದು ತಡೆಯುವುದೆಲ್ಲ ಅಲ್ಲಿ ನಡೆಯುತ್ತಿತ್ತು. ಗುಂಪಿನ ಜೀವಾಳ ತಡಸದ ಗೌತಮ. ಇಪ್ಪತ್ತೆಂಟು ವರ್ಷ, ಬೌದ್ಧ ರೈತ ಕುಟುಂಬದವನು, ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಕೆಲಸ. ಊರಲ್ಲಿ ಅವನನ್ನು ಹುಚ್ಚನೆಂದು ಕರೆದವರಿದ್ದರು. ಈ ಕೋಣೆಯಲ್ಲಿ ಮಾತ್ರ ಅವನು ಮನಸಾರೆ ನಗುತ್ತಿದ್ದ. ಮಾತಿನ ನಡುವೆ ಗಂಟಲಿನಿಂದ ಒಂದೇ ಸಮನೆ ಮೋಟರಿನಂಥ ಸದ್ದು ಹೊರಡಿಸುತ್ತಿದ್ದ. ಅದು ಅವನ ಮನಸ್ಸನ್ನು ಹತೋಟಿಯಲ್ಲಿಡುತ್ತಿತ್ತು.

ಆಗಸ್ಟಿನ ಭಾನುವಾರ ಪ್ರಮೀಳಾ ಹೊಸ ಸೀರೆ ಉಟ್ಟು, ವೈನಿ ಎಂದು ಕರೆಯುವ ಅತ್ತಿಗೆ ಸುಧಾ ಕಟ್ಟಿಕೊಟ್ಟ ರವಾ ಉಂಡಿಯ ಡಬ್ಬಿ ಹಿಡಿದು ಬಂದರು. ಎಲ್ಲರಿಗೂ ನಮಸ್ಕಾರ ಮಾಡಿ, ಎಲ್ಲರ ಆರೋಗ್ಯ ವಿಚಾರಿಸಿದರು. ಎರಡು ದಿನ ಕೂತು ತಯಾರಿಸಿಕೊಂಡು ಬಂದ ಮಾತುಗಳೆಂದು ನನಗೆ ಗೊತ್ತಿತ್ತು. ಉಳಿದವರಿಗೆ ಅವು ಹೊರಗಿನ ಜನ ಆಡುವ ಮಾತಿನಂತೆಯೇ ಕೇಳಿಸಿದವು. ಗೌತಮನ ಸದ್ದು ಶುರುವಾದಾಗ ಪ್ರಮೀಳಾರ ಮುಖ ಬಿಳಿಚಿತು. ನಗುವನ್ನು ಬಿಡದೆ ಎರಡೂವರೆ ಗಂಟೆ ಕೂತರು. ಬಸ್ಸಿನಲ್ಲಿ ವಾಂತಿಯಾಯಿತೆಂದು ಆಮೇಲೆ ತಿಳಿಯಿತು.

ಸೆಪ್ಟೆಂಬರಿನಲ್ಲಿ, ಅಕ್ಟೋಬರಿನಲ್ಲಿ ಮತ್ತೆ ಬಂದರು. ಹರಟೆ ಎದ್ದಾಗ ಅವರು ಸೇರುವಷ್ಟರಲ್ಲಿ ವಿಷಯ ಬದಲಾಗಿರುತ್ತಿತ್ತು. ಉಳಿದವರು ಜೋರಾಗಿ, ಒಬ್ಬರ ಮೇಲೊಬ್ಬರು ಮಾತಾಡುತ್ತಿದ್ದರು. ಇವರು ತಮ್ಮ ಸರದಿಗಾಗಿ ಕಾಯುತ್ತಿದ್ದರು, ಅಲ್ಲಿ ಸರದಿ ಎಂಬುದೇ ಇರಲಿಲ್ಲ. ಅಕ್ಟೋಬರಿನ ದಿನ, ಹಿರೇಕೆರೂರಿನಲ್ಲಿ ಹೊಲಿಗೆ ಕೆಲಸ ಮಾಡುವ ಶಿವಲೀಲಾ ಪ್ರಮೀಳಾರನ್ನೇ ನೋಡುತ್ತ ಕೇಳಿದಳು: "ಅಕ್ಕಾ, ನೀವು ಖರೇನ ನಮ್ಮಂಥವರೇನ್ರಿ? ನೀವು ಬಂದು ಕುಂತ್ರ ಸಾಲಿ ಬಾಯಾರು ಬಂದಂಗ ಆಗ್ತೈತಿ. ನಮಗ ಮಾತ ಹೊಂಡಂಗಿಲ್ಲ."

ಶಾಲೆಯ ಟೀಚರಮ್ಮನಿಗೆ ಹೋಲಿಸಿದರೂ ಅವಳಲ್ಲಿ ಕುಹಕವಿರಲಿಲ್ಲ. ನೇರವಾಗಿ ಹೇಳಬಹುದೆಂಬ ನಿಯಮ ಮಾಡಿದವಳು ನಾನೇ. ಪ್ರಮೀಳಾ ನೋಟ್‌ಬುಕ್ಕಿನ ಪರ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಎಲ್ಲರೂ ಹೋದಮೇಲೆ ಅವರಿಗೆ ಸಲಹೆ ಕೊಟ್ಟೆ. ಸ್ವಲ್ಪ ಸಡಿಲಾಗಿರಿ, ಅವರ ಹಾಗೆ ನಡುವೆ ಬಾಯಿ ಹಾಕಿ, ಗೌತಮನ ಮೋಟರಿನ ಬಗ್ಗೆ ಏನಾದರೂ ಕೇಳಿ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ಸಾಲಿಯೊಳಗ, ಲ್ಯಾಬಿನೊಳಗ, ಮನಿಯೊಳಗ ಎಲ್ಲಾರೂ ನನಗ ಇದನ್ನ ಹೇಳ್ಯಾರ್ರಿ" ಎಂದರು. "ನೀವೂ ಹೇಳ್ತೀರಿ ಅಂತ ಅನಕೊಂಡಿರಲಿಲ್ಲ."

ನವೆಂಬರಿನಲ್ಲಿ ಅವರು ಬರಲಿಲ್ಲ. ಡಿಸೆಂಬರಿನಲ್ಲೂ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಡ್ರಾಪ್‌ಔಟ್ ಎಂದು ಬರೆದೆ. ಬರುವುದನ್ನು ಬಿಟ್ಟವರಿಗೆ ನಾವು ಬಳಸುವ ಪದ ಅದು. ಹೊಸ ಪ್ರಕರಣಗಳು ಬಂದವು, ನಾನು ಅವುಗಳಲ್ಲಿ ಮುಳುಗಿದೆ.

ಮುಂದಿನ ಏಪ್ರಿಲ್ ತಿಂಗಳ ಒಂದು ಬುಧವಾರ ಸುಧಾ ಸವಣೂರಿನ ಕೋಣೆಗೆ ಬಂದರು. ಮಗಳ ಓದು ಸುಧಾರಿಸಿತ್ತು, ಅದನ್ನು ಹೇಳಲು ಬಂದಿದ್ದರು. ಏಳುವಾಗ ಖುಷಿಯಿಂದ ಕೇಳಿದರು: "ಮೊನ್ನೆ ಭಾನುವಾರ ಕಳಿಸಿದ್ದ ಶೇಂಗಾ ಉಂಡಿ ಹಿಡಿಸಿದ್ವೇನ್ರಿ ನಿಮ್ಮ ಮಂದಿಗೆ? ಡಬ್ಬಿ ಖಾಲಿ ಬಂದಿತ್ತು. ನಮ್ಮ ಪ್ರಮೀಳಾಗ ಗೆಳತ್ಯಾರು ಸಿಕ್ಕಾರ ಅಂತ ನಮ್ಮನಿಯವರು ದೇವರಿಗೆ ತುಪ್ಪದ ದೀಪ ಹಚ್ಚಸ್ಯಾರ್ರಿ."

ನನ್ನ ಬಾಯಿಂದ ಹೊರಟದ್ದು ಒಂದು "ಹ್ಞೂಂ" ಮಾತ್ರ. ನಮ್ಮಲ್ಲಿಗೆ ಬಂದವರ ವಿಷಯವನ್ನು ಅವರ ಮನೆಯವರಿಗೂ ಬಿಟ್ಟುಕೊಡಬಾರದೆಂಬ ಗೋಪ್ಯತೆಯ ನಿಯಮ ನಮಗಿದೆ. ಆ ನಿಯಮದ ಹಿಂದೆ ನಾನು ಅಡಗಿಕೊಂಡೆ. ಆರು ತಿಂಗಳಿಂದ ಪ್ರತಿ ಎರಡನೆಯ ಭಾನುವಾರ ಪ್ರಮೀಳಾ ಮನೆಯಿಂದ ಹೊರಡುತ್ತಿದ್ದಾರೆ, ಸಂಜೆ ಮರಳುತ್ತಿದ್ದಾರೆ. ನಡುವಿನ ಆ ಹೊತ್ತು ಎಲ್ಲಿರುತ್ತಾರೆ?

ಮೇ ತಿಂಗಳ ಆ ಭಾನುವಾರ ಗುಂಪನ್ನು ಸಹೋದ್ಯೋಗಿಗೆ ಒಪ್ಪಿಸಿ ಹಾನಗಲ್ ಬಸ್ ನಿಲ್ದಾಣದಲ್ಲಿ ನಿಂತೆ. ಹತ್ತೂವರೆ ದಾಟಿ ಬಂದ ಬಸ್ಸಿನಿಂದ ಅವರು ಇಳಿದರು. ಅದೇ ಹೊಸ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಟ್ಯೂಶನ್ ಕೋಣೆಯ ಓಣಿಯ ಬಾಯಿಗೆ ಬಂದಾಗ ಹೆಜ್ಜೆ ನಿಧಾನವಾಯಿತು. ಗೌತಮನ ನಗು ಅಲ್ಲಿಯವರೆಗೂ ಕೇಳುತ್ತಿತ್ತು. ಒಂದು ಕ್ಷಣ ನಿಂತು, ಮುಂದೆ ನಡೆದರು. ನಾನು ಹಿಂಬಾಲಿಸಿದೆ. ಅದು ಸರಿಯಾದ ನಡೆಯಲ್ಲ, ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವರು ತಾರಕೇಶ್ವರ ಗುಡಿಯ ಮಂಟಪದ ಅಂಚಿನ ಕಲ್ಲಿನ ಮೇಲೆ ಕೂತರು. ಅರ್ಧ ಗಂಟೆ ದೂರದಿಂದ ನೋಡಿದೆ. ಫೋನ್ ತೆಗೆಯಲಿಲ್ಲ, ಏನನ್ನೂ ಓದಲಿಲ್ಲ. ಎದುರಿನ ಕಂಬವನ್ನು ನೋಡುತ್ತ ಕೂತಿದ್ದರು. ಕೊನೆಗೆ ಹತ್ತಿರ ಹೋಗಿ ನಿಂತೆ. ಅವರಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಎರಡರ ಬಸ್ಸಿಗೆ ಹೋಗ್ತೇನಿ" ಎಂದರು, ನಾನು ಕೇಳುವ ಮೊದಲೇ. "ಉಂಡಿ ಎಲ್ಲಾ ಹೂವು ಮಾರೋ ಅಜ್ಜಿಗೆ ಕೊಡ್ತೇನ್ರಿ. ಚೆಲ್ಲಂಗಿಲ್ಲ."

"ಮನ್ಯಾಗ ಯಾಕ ಹೇಳಲಿಲ್ಲ?"

"ವೈನಿ ಹಿಂದಿನ ದಿನಾನೇ ಕೂತು ಉಂಡಿ ಕಟ್ಟತಾರ್ರಿ. ನನಗ ಗೆಳತ್ಯಾರು ಅದಾರ ಅಂತ ಅವರಿಗೆ ಇಷ್ಟು ಖುಷಿ ಆದದ್ದು ನಾ ನೋಡಿರಲಿಲ್ಲ. ಹೆಂಗ ಹೇಳಲಿ?"

ಗುಡಿಯ ಅಂಗಳದ ಹುಲ್ಲಿನಲ್ಲಿ ಯಾರದೋ ಮಕ್ಕಳು ಓಡುತ್ತಿದ್ದರು. ಅವರ ಕೂಗಿಗೆ ಪ್ರಮೀಳಾ ಕಿವಿ ಮುಚ್ಚಿಕೊಂಡು, ಅದು ನಿಂತಮೇಲೆ ಕೈ ತೆಗೆದರು.

"ಮೊದಲ ಜನರ ಜೋಡಿ ಹೊಂದಲಿಲ್ಲ ಅಂದ್ರ, ನಾ ಬ್ಯಾರೆ ಅದೇನಿ ಅಂತಿದ್ದೆ. ನೀವು ಹೆಸರು ಹೇಳಿದ್ರಿ, ಎಲ್ಲಾ ತಿಳೀತು ಅನಸ್ತು. ಈಗ ನನ್ನಂಥವರ ಜೋಡಿನೂ ಹೊಂದಲಿಲ್ಲ. ಇದಕ್ಕ ಏನ್ ಹೆಸರು ಅದರಿ, ಮೇಡಂ?"

"ಗೊತ್ತಿಲ್ಲರಿ" ಎಂದೆ. "ತಪ್ಪು ನಿಮ್ಮದಲ್ಲ. ನಿಮ್ಮವರು ಸಿಗ್ತಾರ ಅಂತ ಮಾತು ಕೊಟ್ಟಿದ್ದು ನನ್ನ ತಪ್ಪು." ಅವರು ತಲೆಯಾಡಿಸಿದರು. ಹೌದು, ನಿಮ್ಮದೇ ತಪ್ಪು ಎನ್ನುವ ಹಾಗೆ. ಎರಡರ ಬಸ್ಸಿನವರೆಗೂ ಒಂದೇ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದೆವು.

ಅವರ ಒಪ್ಪಿಗೆ ಪಡೆದು ಜೂನಿನಲ್ಲಿ, ಶಿವಲೀಲಾಳ ಪ್ರಶ್ನೆ ಮತ್ತು ಗೌತಮನ ಸದ್ದಿನಿಂದ ಅವರು ದೂರವಾದ ವಿಷಯವನ್ನು ಗುಂಪಿನ ಮುಂದಿಟ್ಟೆ. ಶಿವಲೀಲಾ ಅತ್ತಳು. ತಾನು ಕೇಳಿದ ಪ್ರಶ್ನೆಯಲ್ಲಿ ನೋವಿತ್ತೆಂದು ಅವಳಿಗೆ ಹೊಳೆದಿರಲಿಲ್ಲ. ಗೌತಮ ಗೋಡೆ ನೋಡುತ್ತ ಹೇಳಿದ: "ನಾ ಸದ್ದು ಬಂದ್ ಮಾಡಿದ್ರ ನನ್ನ ತಲಿ ಒಡದಂಗ ಆಗ್ತೈತ್ರಿ. ಬ್ಯಾರೆ ಎಲ್ಲಾ ಕಡೆ ಬಂದ್ ಮಾಡಾಕತ್ತೇನಿ. ಇಲ್ಲೂ ಮಾಡು ಅಂದ್ರ ನಾ ಎಲ್ಲಿ ಹೋಗ್ಲಿ?"

ಅವನ ಮಾತು ನ್ಯಾಯವೇ ಆಗಿತ್ತು. ಒಬ್ಬರಿಗೆ ಉಸಿರಾದದ್ದು ಇನ್ನೊಬ್ಬರಿಗೆ ಮೊಳೆಯಾಗಿ ಚುಚ್ಚುತ್ತಿತ್ತು. ಸದ್ದು ತಗ್ಗಿಸಲು ಕಿವಿಗೆ ಹಾಕುವ ಸಾಧನ ತರಿಸಿದೆ, ಬೇರೆ ಕೋಣೆ ಗೊತ್ತುಮಾಡಿದೆ, ಇಬ್ಬಿಬ್ಬರನ್ನೇ ಕೂಡಿಸುವ ಪ್ರಯೋಗವನ್ನೂ ಯೋಚಿಸಿದೆ. ಪ್ರಮೀಳಾ ಒಂದು ಸಲ ಬಂದು ಶಿವಲೀಲಾಳ ಎದುರು ಕೂತರು. ಇಬ್ಬರೂ ಒಬ್ಬರಿಗೊಬ್ಬರು ಕ್ಷಮೆ ಕೇಳಿದರು. ಆಮೇಲೆ ಮಾತಾಡಲು ಏನೂ ಇರಲಿಲ್ಲ. ಇಬ್ಬರೂ ಒಳ್ಳೆಯವರೇ, ಆದರೆ ಸ್ನೇಹ ಹುಟ್ಟಲಿಲ್ಲ. ಮತ್ತೆ ಅವರು ಬರಲಿಲ್ಲ, ನಾನೂ ಕರೆಯಲಿಲ್ಲ.

ಮನೆಯಲ್ಲಿ ಅವರೇ ಹೇಳಿದರು, ಜುಲೈನಲ್ಲಿ. ಆ ದಿನ ನಾನೂ ಅಲ್ಲಿರಬೇಕೆಂದು ಕೇಳಿಕೊಂಡಿದ್ದರು. ಕಾಗದದಲ್ಲಿ ಬರೆದುಕೊಂಡದ್ದನ್ನು ಓದಿದರು. ಸುಧಾ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು.

"ನನ್ನ ಖುಷಿ ಸಲುವಾಗಿ ಬಿಸಲಾಗ ಹೋಗಿ ಒಬ್ಬಾಕಿನ ಕೂಡತಿದ್ದಿಯೇನ ಪ್ರಮೀಳಾ?" ಎಂದರು. ಅವರಿಗೆ ತಬ್ಬಿಕೊಳ್ಳಬೇಕೆನಿಸಿತ್ತು, ಕೈ ಮುಂದೆ ಬಂದಿತ್ತು. ಪ್ರಮೀಳಾಗೆ ಸ್ಪರ್ಶ ಹಿಡಿಸದೆಂದು ನೆನಪಾಗಿ ಕೈ ಹಿಂದೆ ತೆಗೆದುಕೊಂಡರು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದವರ ನಡುವೆ ಅದೇ ಮೊದಲ ಸಲ ಒಬ್ಬರು ಇನ್ನೊಬ್ಬರನ್ನು ಅವರಿರುವ ಹಾಗೆ ಕಂಡದ್ದನ್ನು ನಾನು ನೋಡಿದೆ. ಒಂಟಿತನ ಅದರಿಂದ ಹೋಗಲಿಲ್ಲ. ಅದನ್ನು ಬಚ್ಚಿಡುವ ಹೊರೆ ಮಾತ್ರ ಇಳಿಯಿತು.

ಸಕ್ಕರೆ ಕಾಯಿಲೆಯ ಇಬ್ಬರನ್ನು ಒಂದು ಬೆಂಚಿನ ಮೇಲೆ ಕೂಡಿಸಿ, ನೀವಿನ್ನು ಗೆಳೆಯರು ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಆಟಿಸಂ ಇರುವವರ ವಿಷಯದಲ್ಲಿ ನಾನು ಮಾಡಿದ್ದು ಅದನ್ನೇ. ಅವರನ್ನು ಹೊರಗಿಟ್ಟ ಜನ ಅವರೆಲ್ಲ ಒಂದೇ ತರಹ ಎಂದುಕೊಂಡಿದ್ದರು, ಸಹಾಯಕ್ಕೆ ಹೊರಟ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆಮೇಲಿನ ವರ್ಷಗಳಲ್ಲಿ ಯಾರಿಗೂ ಗೆಳೆತನದ ಭರವಸೆ ಕೊಡಲಿಲ್ಲ. ಬಂದು ನೋಡಿ, ಹಿಡಿಸದಿದ್ದರೆ ನನಗೆ ಹೇಳಿ, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಮಾತ್ರ ಹೇಳುತ್ತಿದ್ದೆ. ಬರದೆ ಉಳಿದವರನ್ನು ಹುಡುಕಿಕೊಂಡು ಹೋಗುವುದೂ ಕೆಲಸದ ಭಾಗವೆಂದು ತಿಳಿದುಕೊಂಡೆ.

ಹೋದ ವರ್ಷ ನಾನು ನಿವೃತ್ತಳಾದೆ. ಸವಣೂರಿನ ಕೊನೆಯ ಬುಧವಾರ ಪ್ರಮೀಳಾ ಲ್ಯಾಬಿನಿಂದ ಬಂದು ನಿಂತರು. ಅಷ್ಟರಲ್ಲಿ ನನ್ನ ಪತಿ ತೀರಿಕೊಂಡಿದ್ದರು, ಅದು ಅವರಿಗೆ ಗೊತ್ತಿತ್ತು. "ಇನ್ನ ಮ್ಯಾಲೆ ಮನಿಯೊಳಗ ನೀವೊಬ್ಬರ ಇರ್ತೀರೇನ್ರಿ?" ಎಂದು ಕೇಳಿದರು. ಹೌದೆಂದೆ. ಅಂದು ಬೆಳಗಿನಿಂದ ಬಂದವರೆಲ್ಲ ನನಗೆ ಸಮಾಧಾನ ಹೇಳಿದ್ದರು, ಓದುತ್ತೀರಿ, ದೇವಸ್ಥಾನಕ್ಕೆ ಹೋಗುತ್ತೀರಿ, ಹೊತ್ತು ಹೋಗುತ್ತದೆ ಎಂದು.

"ರೂಢಿ ಆಗ್ತದ ಅಂತ ಎಲ್ಲಾರೂ ಹೇಳ್ತಾರ್ರಿ" ಎಂದರು ಪ್ರಮೀಳಾ. "ನನಗ ಇನ್ನೂ ಆಗಿಲ್ಲ."

ಆ ದಿನ ಸಿಕ್ಕ ಹಾರ, ಶಾಲುಗಳಿಗಿಂತ ಹೆಚ್ಚಾಗಿ ಆ ಮಾತೇ ನನ್ನ ಜೊತೆ ಮನೆಗೆ ಬಂತು.