ಹಳೇ ತೂತಿಗೆ ಮೊಳೆ ಹೊಡೆಯದ ಮೊಳೆಯಕ್ಕ

ಬೆಳಗಿನ ಆರೂಕಾಲು. ತಗಡಿನ ಶೆಡ್ಡಿನೊಳಗೆ ಬೆಳಕು ಇನ್ನೂ ಸರಿಯಾಗಿ ಬಂದಿಲ್ಲ. ತೊಂಬತ್ತು ವರ್ಷ ಹಳೆಯ, ಉದ್ದ ಮೂತಿಯ ಕಪ್ಪು ಕಾರಿನ ಹಿಂಬಾಗಿಲಿನಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿವೆ. ಒಂದರಲ್ಲಿ ಚಪ್ಪಲಿ ಇದೆ, ಇನ್ನೊಂದರದು ನೆಲಕ್ಕೆ ಬಿದ್ದಿದೆ. ಒಳಗಿನಿಂದ ದನಿ ಬರುತ್ತದೆ: "ಯಾರೂ ಬಾಗಿಲು ಮುಟ್ಟಬೇಡಿ. ಅಲುಗಾಡಿದ್ರೆ ನನ್ನ ಎಣಿಕೆ ತಪ್ಪುತ್ತೆ."

ಪಾದಗಳ ಒಡತಿಗೆ ಅರವತ್ತೊಂದು ವರ್ಷ. ಕಾರಿನ ಸೀಟು ಹೊಲಿಯುವುದು ಕಸುಬು. ಹಳೇ ಕಾರುಗಳ ಹುಚ್ಚು ಹತ್ತಿಸಿಕೊಂಡವರೆಲ್ಲ ಈಕೆಯನ್ನು ಕರೆಯುವುದು ಮೊಳೆಯಕ್ಕ ಎಂದು. ಟೋಪಿ ಹಾಕಿಕೊಂಡು ಬಾನೆಟ್ಟಿಗೆ ಒರಗಿ ಫೋಟೋ ತೆಗೆಸಿಕೊಳ್ಳುವ ಮಹನೀಯರನ್ನು ನೀವು ಪತ್ರಿಕೆಗಳಲ್ಲಿ ಬೇಕಾದಷ್ಟು ನೋಡಿದ್ದೀರಿ. ಆ ಕಾರು ಅಸಲಿಯೋ ನಕಲಿಯೋ ಎಂದು ಸೀಟಿನಡಿ ಅಂಗಾತ ಮಲಗಿ ಹೇಳಿದವಳ ಫೋಟೋ ಎಲ್ಲಾದರೂ ನೋಡಿದ್ದೀರಾ? ನಾನೂ ನೋಡಿರಲಿಲ್ಲ. ಹನ್ನೆರಡು ವರ್ಷ ಈ ಕಾರುಗಳ ಬಗ್ಗೆ ಬರೆದವನು ನಾನು. ನಾಚಿಕೆಯಾಗುತ್ತದೆ.

ಇವತ್ತು ಹತ್ತು ಗಂಟೆಯೊಳಗೆ ತೀರ್ಮಾನ ಆಗಬೇಕು. ಗೇಟಿನಾಚೆ ಗುಜರಿ ವ್ಯಾಪಾರಿಯ ಟ್ರೇಲರ್ ಆಗಲೇ ಬಂದು ನಿಂತಿದೆ.

ವಿಷಯ ಇಷ್ಟು. ಈ ಕಾರು ಒಬ್ಬ ಡ್ರೈವರನದು. ಮೂವತ್ತು ವರ್ಷ ಓಡಿಸಿದ ಮೇಲೆ ಧಣಿಗಳೇ ತನಗೆ ಕೊಟ್ಟರು ಎಂದು ಆತ ಸಾಯುವವರೆಗೂ ಹೇಳಿಕೊಂಡು ಬಂದ. ಕಾಗದವಿಲ್ಲ, ಕಾರಿನ ನಂಬರ್ ಕೊರೆದ ತಗಡೂ ಇಲ್ಲ. ಹೋದ ತಿಂಗಳು ಬೇರೆ ಊರಿನವರೊಬ್ಬರು ಧಣಿಗಳ ಕಾರಿನದೇ ನಂಬರಿನ ತಗಡಿರುವ ಇನ್ನೊಂದು ಕಾರು ತೋರಿಸಿ, ಅಸಲಿ ತಮ್ಮದೇ ಎಂದಿದ್ದಾರೆ. ಹಾಗಾದರೆ ಡ್ರೈವರ್ ಗುಜರಿ ಸಾಮಾನು ಜೋಡಿಸಿ ಕಥೆ ಕಟ್ಟಿದ ಎಂದಾಯಿತು. ಡ್ರೈವರನ ಮಗ ಖಂಡತುಂಡವಾಗಿ ಹೇಳಿಬಿಟ್ಟಿದ್ದಾನೆ: "ನಿಜದ್ದಾದ್ರೆ ಇಟ್ಕೊಳ್ಳೋಣ. ಸುಳ್ಳಾದ್ರೆ ಇವತ್ತೇ ಬಿಡಿಭಾಗಕ್ಕೆ ಹೋಗ್ಲಿ."

ಅವನ ತಂಗಿ, ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದು ಕಂಬಕ್ಕೆ ಆತು ನಿಂತಿದ್ದಾಳೆ. "ಕಾರು ಹೋದ್ರೆ ಹೋಗ್ಲಿ ಸರ್," ಎನ್ನುತ್ತಾಳೆ ನನಗೆ, ಮೆಲ್ಲಗೆ. "ಅಪ್ಪ ಬುರುಡೆ ಬಿಟ್ಟ ಅಂತ ಜನ ಅಂತಾರಲ್ಲ, ಅದನ್ನ ತಡ್ಕೊಳ್ಳಕ್ಕಾಗಲ್ಲ."

ಶೆಡ್ಡಿನ ಇನ್ನೊಂದು ಮೂಲೆಯಲ್ಲಿ ನಂಬರ್ ಮೇಷ್ಟ್ರು ಮಡಚಿದ ಕಾಗದವೊಂದನ್ನು ಜೇಬಿನಲ್ಲಿಟ್ಟುಕೊಂಡು ಕುಳಿತಿದ್ದಾರೆ. ನಿವೃತ್ತ ಗಣಿತದ ಮೇಷ್ಟ್ರು. ಹಳೇ ಕಾರುಗಳ ಜಾತಕ ಹುಡುಕುವುದೇ ಈಗ ಅವರ ಕೆಲಸ. ಆ ಕಾಲದ ದೊಡ್ಡ ಕಾರುಗಳಿಗೆ ಎಂಜಿನ್ ಒಬ್ಬರದು, ಮೈ ಕಟ್ಟುವವರು ಇನ್ನೊಬ್ಬರು. ಈ ಕಾರಿನ ಮೈ ಕಟ್ಟಿದವರ ಹಳೇ ದಫ್ತರದಿಂದ ಒಂದು ಪುಟದ ನಕಲು ಮೇಷ್ಟ್ರಿಗೆ ಸಿಕ್ಕಿದೆ. ಅದನ್ನವರು ಮೊಳೆಯಕ್ಕನಿಗೆ ತೋರಿಸಿಲ್ಲ. ಆಕೆ ಹೇಳಿ ಮುಗಿಸುವವರೆಗೆ ತೋರಿಸುವುದೂ ಇಲ್ಲ.

ಈ ಕಟ್ಟುನಿಟ್ಟಿನ ಹಿಂದೆ ಒಂದು ತಪ್ಪಿದೆ. ಎಂಟು ವರ್ಷದ ಹಿಂದೆ ಇಂಥದೇ ಒಂದು ಕಾರಿನ ಕಾಗದವನ್ನು ಮೇಷ್ಟ್ರು ಮೊದಲೇ ಓದಿ ಹೇಳಿದ್ದರು: ಈ ಸೀಟು ಒಮ್ಮೆಯೂ ಬದಲಾಗಿಲ್ಲ ಎಂದು. ಸೀಟು ಬಿಚ್ಚಿದರೆ ಹಲಗೆಯಲ್ಲಿ ಎರಡು ಸಾಲು ಮೊಳೆತೂತು, ಅಂದರೆ ಚರ್ಮವನ್ನು ಎರಡು ಸಲ ಹೊಡೆದದ್ದು. ನಕಲಿ ಎಂದರು ಮೊಳೆಯಕ್ಕ. ವಾರದೊಳಗೆ ಆ ಕಾರನ್ನು ಕತ್ತರಿಸಿದರು. ಆಮೇಲೆ ನೋಡಿದರೆ ದಫ್ತರದ ಆ ಹಾಳೆಯ ಬೆನ್ನಿಗೆ ಇನ್ನೊಂದು ಹಾಳೆ ಅಂಟಿಕೊಂಡಿತ್ತು. ಅದರಲ್ಲಿ ಎರಡನೇ ಸಾಲಿನ ಲೆಕ್ಕ ಸ್ವಚ್ಛವಾಗಿ ಬರೆದಿತ್ತು.

"ನಾನು ಅವತ್ತು ಮರ ಓದ್ಲಿಲ್ಲ, ಕಾಗದ ಓದ್ದೆ," ಎನ್ನುತ್ತಾರೆ ಮೊಳೆಯಕ್ಕ. "ಮೂರು ದಿನ ಅನ್ನ ಸೇರ್ಲಿಲ್ಲ. ಈಗ್ಲೂ ಗರಗಸದ ಸದ್ದು ಕೇಳಿದ್ರೆ ಎದ್ದು ಆಚೆ ಹೋಗ್ತೀನಿ."

ಅಂದಿನಿಂದ ಇಬ್ಬರ ನಡುವೆ ಒಪ್ಪಂದ. ಮೊದಲು ಆಕೆ ಕಂಡದ್ದನ್ನು ಹೇಳಬೇಕು, ಆಮೇಲೆ ಮೇಷ್ಟ್ರು ಓದಬೇಕು.

ಕಸುಬು ಕಲಿಸಿದ್ದು ಮಾವ. ಗಂಡ ಬಸ್ ಓಡಿಸುತ್ತಿದ್ದರು, ಹೊಲಿಗೆಯ ಕಡೆ ತಲೆಹಾಕಿದವರಲ್ಲ. ದಪ್ಪ ಚರ್ಮದ ಆಚೆ ಬದಿ ಸೂಜಿ ಹಿಡಿದು ಎಳೆಯಲು ಮಾವನಿಗೆ ಇನ್ನೊಂದು ಜೊತೆ ಕೈ ಬೇಕಿತ್ತು. ಮನೆಯಲ್ಲಿ ಸಿಕ್ಕಿದ್ದು ಹೊಸ ಸೊಸೆಯದು. ಹೀಗೆ ಶುರುವಾಗಿ ಮೂವತ್ತೆಂಟು ವರ್ಷ. ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ. ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು ಮುಂದಿನ ಒಂದು ಹಲ್ಲು ಸವೆದು ಅರ್ಧವಾಗಿದೆ. "ಮೊಮ್ಮಗಳು ಕೇಳ್ತಾಳೆ, ಅಜ್ಜಿ ನಿನ್ನ ಹಲ್ಲು ಇಲಿ ತಿಂತಾ ಅಂತ. ಹೂಂ ಅಂದಿದೀನಿ. ಮೊಳೆ ಅಂದ್ರೆ ಅವಳೂ ಬಾಯಿಗೆ ಹಾಕ್ಕೊಂಡ್ರೆ?"

ಏಳೂವರೆ. ಸೀಟಿನ ಹಿಂದಿನ ಹಲಗೆಯ ತುಂಬ ಬೆಂಕಿಕಡ್ಡಿಗಳು ನಿಂತಿವೆ. ತೂತಿಗೊಂದು ಕಡ್ಡಿ ಸಿಕ್ಕಿಸುವುದು ಆಕೆಯ ಎಣಿಕೆಯ ಕ್ರಮ. ಚೌಕ ತೂತು ಹಳೇ ಕಾಲದ ಮೊಳೆಯದು, ದುಂಡು ತೂತು ಆಮೇಲಿನದು, ಜೋಡಿ ತೂತು ಇತ್ತೀಚಿನ ಸ್ಟೇಪಲ್‌ನದು. ಇನ್ನೂರ ಹದಿನೇಳು ಕಡ್ಡಿ ಆಗುವಷ್ಟರಲ್ಲಿ ಆಕೆ ಎಣಿಕೆ ನಿಲ್ಲಿಸುತ್ತಾರೆ.

ಬಲಗಡೆ ಒಂದು ಚೌಕದ ಸಾಲು, ಒಂದು ಸ್ಟೇಪಲ್ ಸಾಲು. ಎಡಗಡೆ ಮಾತ್ರ ಸ್ಟೇಪಲ್ ಸಾಲಿನ ಜೊತೆ ಎರಡು ಚೌಕದ ಸಾಲು, ಒಂದರ ಮೇಲೆ ಎರಡು ಬೆರಳು ಎತ್ತರಕ್ಕೆ ಇನ್ನೊಂದು. ಎಂಟು ವರ್ಷದ ಹಿಂದೆ ಕಂಡದ್ದೂ ಇಂಥದೇ ಎರಡು ಸಾಲು. ಹೊರಗೆ ಟ್ರೇಲರಿನವನು ಎಂಜಿನ್ ಶುರು ಮಾಡಿ ಆರಿಸುತ್ತಾನೆ. ಡ್ರೈವರನ ಮಗ ಮತ್ತೆ ಮತ್ತೆ ಗಡಿಯಾರ ನೋಡಿಕೊಳ್ಳುತ್ತಾನೆ.

"ಏನಾಯ್ತಕ್ಕಾ? ನಕಲೀನಾ?" ಎಂದು ಅವನು ಕೇಳುತ್ತಾನೆ. ಮೊಳೆಯಕ್ಕ ಒದ್ದೆ ಬಟ್ಟೆಯಿಂದ, ಕಡ್ಡಿಗಳು ಅಲುಗದಂತೆ, ಹಲಗೆಯನ್ನು ಆ ತುದಿಯಿಂದ ಈ ತುದಿಗೆ ಒರೆಸುತ್ತಾರೆ. ಟಾರ್ಚನ್ನು ಓರೆಯಾಗಿ ಹಿಡಿದು, ಉಗುರಿನಿಂದ ಮರದ ಗೆರೆಯೊಂದನ್ನು ಹಿಡಿದು ಎಡದಿಂದ ಬಲಕ್ಕೆ ಹೋಗುತ್ತಾರೆ, ಬಲದಿಂದ ಮತ್ತೆ ಎಡಕ್ಕೆ ಬರುತ್ತಾರೆ. ನಾಲ್ಕು ಸಲ. ಒಂಬತ್ತು ಇಪ್ಪತ್ತಕ್ಕೆ ಹೊರಗೆ ಬಂದು, ಬಿದ್ದ ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಮೇಷ್ಟ್ರ ಮುಂದೆ ನಿಲ್ಲುತ್ತಾರೆ.

"ಸ್ಟೇಪಲ್ ಬಿಟ್ರೆ ಎಡಗಡೆ ಎರಡು ಸಲ ಹೊಡೆದಿದಾರೆ, ಬಲಗಡೆ ಒಂದೇ ಸಲ. ಎರಡೂ ಹಳೇ ಮೊಳೆ, ತುಕ್ಕಿನ ಕಲೆನೂ ಒಂದೇ ಥರ. ಬೇರೆ ಕಾರಿನ ಸೀಟು ತಂದು ಜೋಡಿಸಿಲ್ಲ; ಹಲಗೆ ಒಂದೇ, ಗೆರೆ ಎಲ್ಲೂ ತುಂಡಾಗಿಲ್ಲ. ಕಾರು ಹೊಸದಿದ್ದಾಗ್ಲೇ, ಎಡಕ್ಕೆ ಕೂರೋರಿಗೆ ಅಂತ ಸೀಟು ಎರಡು ಬೆರಳು ಎತ್ತರ ಮಾಡಿದಾರೆ." ಮೇಷ್ಟ್ರ ಜೇಬಿನ ಕಡೆ ಬೊಟ್ಟು ಮಾಡುತ್ತಾರೆ. "ಯಾಕೇಂತ ನಂಗೊತ್ತಿಲ್ಲ ಮೇಷ್ಟ್ರೇ. ಮರ ಹೇಳಿದ್ದು ಇಷ್ಟು. ಈಗ ಓದಿ. ಹಾಳೆ ಹಿಂದೆ ಏನೂ ಅಂಟಿಲ್ಲ ತಾನೆ?"

"ಈ ಸಲ ದಫ್ತರ ತೆಗೆಸಿ ಎರಡೂ ಮಗ್ಗುಲು ನೋಡಿದೀನಿ," ಎಂದು ಮೇಷ್ಟ್ರು ಕನ್ನಡಕ ಏರಿಸಿ ಕಾಗದ ಬಿಚ್ಚುತ್ತಾರೆ. ಧಣಿಗಳ ಕಾರಿನ ನಂಬರ್ ಓದುತ್ತಾರೆ. ಆಮೇಲೆ ಕೆಳಗಿನ ಎರಡು ಸಾಲು: ಒಪ್ಪಿಸಿದ ಆರನೇ ತಿಂಗಳಿಗೆ ಕಾರು ವಾಪಸು ಬಂದಿದೆ. ಯಜಮಾನಿಯವರ ಸೊಂಟನೋವಿನ ಕಾರಣ ಹಿಂದಿನ ಎಡ ಆಸನವನ್ನು ಎತ್ತರಿಸಿ ಕೊಡಲಾಗಿದೆ. ತಗಡನ್ನು ಯಾವ ಕಾರಿಗಾದರೂ ಹೊಡೆಯಬಹುದು, ಈ ತೂತುಗಳನ್ನಲ್ಲ.

ನರ್ಸ್ ಬಂದು ಕಾರಿನ ಎಡಬಾಗಿಲ ಹಿಡಿಕೆ ಹಿಡಿಯುತ್ತಾಳೆ. "ಅಪ್ಪ ಯಾವಾಗ್ಲೂ ಎಡಬಾಗಿಲು ಮೊದಲು ತೆಗೀತಿದ್ರು," ಎನ್ನುತ್ತಾಳೆ ಅಳುತ್ತ. "ಕಾರು ಖಾಲಿ ಇದ್ರೂ ಅಷ್ಟೇ. ಅದು ಅಮ್ಮಾವ್ರ ಕಡೆ ಅಂತಿದ್ರು." ಅಣ್ಣ ತಂಗಿಯ ಮುಖ ನೋಡಲಾರದೆ ಗೇಟಿನ ಕಡೆ ನಡೆಯುತ್ತಾನೆ. ಸ್ವಲ್ಪ ಹೊತ್ತಿಗೆ ಟ್ರೇಲರ್ ಖಾಲಿಯಾಗಿಯೇ ಹಿಂದಕ್ಕೆ ತಿರುಗುತ್ತದೆ.

ಹನ್ನೊಂದಕ್ಕೆ, ಕಾರು ಅಸಲಿ ಎಂದು ಹಳೇ ಕಾರುಗಳ ಸಂಘದ ಪ್ರಮಾಣಪತ್ರ ಸಿದ್ಧವಾಗುತ್ತದೆ. ಅದರಲ್ಲಿ ಅಧ್ಯಕ್ಷರ ಸಹಿ ಇದೆ, ಮೇಷ್ಟ್ರದಿದೆ, ಫೋಟೋ ತೆಗೆದವರ ಹೆಸರೂ ಇದೆ. ಮೊಳೆಯಕ್ಕನ ಹೆಸರಿಲ್ಲ. ಕೇಳಿದರೆ, ನಮೂನೆಯಲ್ಲಿ ಆ ಕಾಲಂ ಇಲ್ಲವಂತೆ. ನನಗೆ ಪಿತ್ತ ನೆತ್ತಿಗೇರುತ್ತದೆ. ಆಕೆ ನನ್ನ ಕಡೆ ತಿರುಗಿಯೂ ನೋಡದೆ, ಬೆಂಕಿಕಡ್ಡಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿ, ಚರ್ಮವನ್ನು ಹಲಗೆಗೆ ಎಳೆದು ಕೂರಿಸುತ್ತಾರೆ.

ಸುತ್ತಿಗೆ ಎತ್ತಿದಾಗ ಗಮನಿಸಿದೆ: ಹಳೇ ತೂತುಗಳು ಕಣ್ಣೆದುರಿಗೇ ಇವೆ, ಅಲ್ಲಿ ಮೊಳೆ ಸಲೀಸಾಗಿ ಇಳಿದೀತು. ಆಕೆ ಮಾತ್ರ ಒಂದು ಕೂದಲೆಳೆ ಪಕ್ಕಕ್ಕೆ, ಗಟ್ಟಿ ಮರಕ್ಕೇ ಹೊಡೆಯುತ್ತಾರೆ. ಪ್ರತಿ ಮೊಳೆಗೂ ನಾಲ್ಕು ಪೆಟ್ಟು ಹೆಚ್ಚು. ಆ ನೋಯುವ ಹೆಬ್ಬೆರಳಲ್ಲಿ ಯಾಕಕ್ಕಾ ಈ ಕಷ್ಟ ಎಂದು ಕೇಳುತ್ತೇನೆ.

ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ತೆಗೆದುಕೊಂಡು ಹೇಳುತ್ತಾರೆ: "ಮಾವ ಹೇಳಿಕೊಟ್ಟಿದ್ದು. ಹಳೇ ತೂತಿಗೆ ಹೊಡೆದ್ರೆ ಮೊದಲು ಹೊಡೆದೋರ ಗುರುತೂ ಕೆಡುತ್ತೆ, ನಮ್ಮದೂ ಉಳಿಯಲ್ಲ. ಇನ್ನೈವತ್ತು ವರ್ಷಕ್ಕೆ ಯಾರೋ ಒಬ್ರು ಈ ಸೀಟು ಬಿಚ್ಚಿ ಎಣಿಸ್ತಾರಲ್ಲ ಸರ್, ಆಗ ನನ್ನ ಸಾಲು ಬೇರೆ ಕಾಣ್ಬೇಕು. ನನಗಷ್ಟು ಸಾಕು."