ಜಾಗರಿಯೊಳಗಿನ ಸಕ್ಕರೆ

ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುತ್ತಾರಲ್ಲ, ನಮ್ಮತ್ತೆಗೆ ಹಾಲನ್ನು ಕಂಡರೂ ಅನುಮಾನ. ಅವರು ನಂಬುತ್ತಿದ್ದುದು ಒಂದನ್ನೇ, ಮದ್ದೂರಿನಾಚೆ ನಮ್ಮ ಆಲೆಮನೆಯಲ್ಲಿ ನನ್ನ ಗಂಡ ಕಾಯಿಸುವ ಬೆಲ್ಲವನ್ನು. ಬಣ್ಣ ಬರಲೆಂದು ಪಾಕಕ್ಕೆ ಸಕ್ಕರೆ ಸುರಿಯುವವರು ಸುತ್ತಮುತ್ತ ಇದ್ದರು. ತನ್ನ ಮಗ ಒಂದು ಕಾಳು ಸಕ್ಕರೆಯನ್ನೂ ಮುಟ್ಟುವುದಿಲ್ಲ ಎಂದು ಅತ್ತೆ ಮನೆದೇವರ ಮೇಲೆ ಆಣೆಯಿಟ್ಟು ಊರಿಗೆಲ್ಲ ಮಾತು ಕೊಟ್ಟಿದ್ದರು.

ಮಂಡ್ಯದ ಅಂಗಡಿಯವನೊಬ್ಬ ಬೆಲ್ಲದ ಡಬ್ಬದ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬೇಕು ಎಂದ. ನಾನು ಹೈಸ್ಕೂಲಿನ ಇಂಗ್ಲಿಷ್ ಟೀಚರು. ಜಾಗರಿ ಅಂತ ಬರೆದುಕೊಟ್ಟೆ. ಅದೇನು ಪದ ಅಂತ ಅತ್ತೆ ಕೇಳಿದರು. ಸುಮ್ಮನಿರಲಾರದೆ ಅದರ ವಂಶವನ್ನೇ ಬಿಚ್ಚಿದೆ. ಇಂಗ್ಲಿಷರು ಪೋರ್ಚುಗೀಸರಿಂದ ತಗೊಂಡರು, ಪೋರ್ಚುಗೀಸರು ಕೇರಳದ ಕರಾವಳಿಯವರಿಂದ ಕೇಳಿಕೊಂಡರು, ಅಲ್ಲಿ ಅದು ಚಕ್ಕರ. ನಮ್ಮ ಸಕ್ಕರೆಯೂ ಅದೇ ಬಳ್ಳಿಯದು ಎಂದೆ.

ಅತ್ತೆಯ ಮುಖ ಕಪ್ಪಿಟ್ಟಿತು.

"ಅಂಗಾದ್ರೆ ಡಬ್ಬದ ಮ್ಯಾಲೆ ಸಕ್ಕರೆ ಅಂತ್ಲೇ ಬರ್ದಿದ್ದೀಯಾ?"

ಪದದ ಮೂಲ ಬೇರೆ, ಪದಾರ್ಥ ಬೇರೆ ಎಂದು ಎಷ್ಟು ಬಡಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಇಲ್ಲದ್ದನ್ನು ಯಾರಾದರೂ ಮೇಲೆ ಬರೆಸುತ್ತಾರೆಯೇ ಅಂತ ಅವರ ವಾದ. ಅಂಗಡಿಯವನಿಗೂ ಮಗನಿಗೂ ಒಳಒಪ್ಪಂದವಂತೆ, ಅದರಲ್ಲಿ ನನ್ನ ಕೈಯೂ ಇದೆಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಅನುಮಾನವಿದ್ದರೆ ಆಲೆಮನೆಗೇ ಹೋಗಿ ನೋಡಿಕೊಳ್ಳಿ ಅಂದುಬಿಟ್ಟೆ.

ಅವರು ಹೊರಟೇಬಿಟ್ಟರು. ಗೆದ್ದು ಬರೋಣ ಅಂತ ನಾನೂ ಹಿಂದೆಯೇ ಹೋದೆ. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ಅತ್ತೆ ಅದನ್ನು ನೋಡಲೂ ಇಲ್ಲ. ನೇರ ಹೋಗಿ, ಒಲೆಗೆಂದು ಒಟ್ಟಿದ್ದ ಕಬ್ಬಿನ ಸಿಪ್ಪೆಯನ್ನು ಬರಿಗೈಯಲ್ಲಿ ಸರಿಸತೊಡಗಿದರು.

"ಬುಡವ್ವ, ಕೈ ಕುಯ್ತದೆ," ಅಂದರು ನನ್ನ ಗಂಡ.

ಆ ದನಿಯಲ್ಲೇ ನನಗೆ ಗೊತ್ತಾಗಿಹೋಯಿತು. ಸಿಪ್ಪೆಯ ಅಡಿಯಲ್ಲಿ ಸಕ್ಕರೆ ಮೂಟೆಯಿತ್ತು, ಬಾಯಿ ಬಿಚ್ಚಿದ್ದು.

ಎಲ್ಲರೂ ಹಾಕುತ್ತಾರೆ, ಕಪ್ಪು ಬೆಲ್ಲವನ್ನು ಯಾರೂ ಮೂಸುವುದಿಲ್ಲ ಎಂದು ನನ್ನ ಗಂಡ ಏನೇನೋ ಹೇಳಿದರು. ಅತ್ತೆ ಬೈಯಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನಿನ್ನ ಇಂಗ್ಲಿಸು ನಿಜ ಏಳ್ತು ಕಣಮ್ಮ. ನನ್ ಮಗ ಏಳ್ನಿಲ್ಲ."

ಆಣೆಯಿಟ್ಟ ಬಾಯಲ್ಲಿ ಅವರು ಮತ್ತೆ ಅದನ್ನು ಬೆಲ್ಲ ಅನ್ನಲಿಲ್ಲ. ಯಾರು ಕೇಳಿದರೂ ಈಗ ಜಾಗರಿ ಅನ್ನುತ್ತಾರೆ.